ಲಸಿಕೆಯ ದಿನವೇ ತಾಯಿಯ ತಪಾಸಣೆ

ಆರು ವಾರದ ಮಗುವಿಗೆ ಲಸಿಕೆ ಹಾಕಿಸಲು ತಪ್ಪದೆ ಬರುವ ತಾಯಂದಿರು ತಮ್ಮ ವಿಚಾರವನ್ನು ಮಾತ್ರ "ಇನ್ನೊಮ್ಮೆ ನೋಡೋಣ" ಎಂದು ಮುಂದೂಡುತ್ತಾರೆ. ಕೂಲಿ ಬಿಟ್ಟು ಬರಬೇಕಾದ ಆ ಇನ್ನೊಂದು ದಿನ ಬಹುಮಟ್ಟಿಗೆ ಒದಗುವುದೇ ಇಲ್ಲ. ಹೆರಿಗೆಯ ನಂತರ ಮುಟ್ಟು ಮರಳುವ ಮೊದಲೇ ಗರ್ಭ ನಿಲ್ಲಬಹುದೆಂಬುದನ್ನು ಅನೇಕರು ಅರಿಯರು. ರಕ್ತಹೀನತೆಯಿಂದ ಚೇತರಿಸಿಕೊಳ್ಳದ ತಾಯಿಗೆ ಬೇಗನೆ ಮತ್ತೊಂದು ಗರ್ಭ ನಿಲ್ಲುವುದು ತಾಯಿ ಮಗು ಇಬ್ಬರಿಗೂ ಅಪಾಯಕರ. ಹೆರಿಗೆಯಾಗಿ ಎರಡು ವರ್ಷವಾದರೂ ಕಳೆಯಲಿ.

ಆದುದರಿಂದ ಲಸಿಕೆಯ ದಿನವೇ ತಾಯಿಯ ರಕ್ತಪರೀಕ್ಷೆಯೂ ಆಗತಕ್ಕದ್ದು. ಗರ್ಭಧಾರಣೆಯನ್ನು ಮುಂದೂಡುವ ವಿಧಾನವನ್ನೂ ಅಂದೇ ವೈದ್ಯರೊಡನೆ ನಿಶ್ಚಯಿಸಬಹುದು. ವಂಕಿಯಲ್ಲದೆ, 2017ರಿಂದ ಸರ್ಕಾರವು ಉಚಿತವಾಗಿ ನೀಡುತ್ತಿರುವ ಅಂತರಾ ಚುಚ್ಚುಮದ್ದು ಇದೆ. ಅದು ಮೂರು ತಿಂಗಳಿಗೊಮ್ಮೆ. ಛಾಯಾ ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆರಡು, ಬಳಿಕ ವಾರಕ್ಕೊಂದರಂತೆ ಸೇವಿಸಬೇಕು. ಎದೆಹಾಲೂಡಿಸುವವರಿಗೂ ಇವು ಸಲ್ಲುತ್ತವೆ.

ಬಿಳಿ ಸೆರಗು, ತುರಿಕೆ, ಕೆಳಹೊಟ್ಟೆಯ ನೋವು ಇದ್ದಲ್ಲಿ ಸಂಕೋಚದಿಂದ ಮುಚ್ಚಿಡಕೂಡದು. ಸೋಂಕಿದ್ದರೆ ವಂಕಿ ಹಾಕುವ ಮೊದಲು ಅದನ್ನು ಗುಣಪಡಿಸಬೇಕಾಗುತ್ತದೆ. ಕೆಲವು ಸೋಂಕುಗಳು ಪತಿಯೂ ಚಿಕಿತ್ಸೆ ಪಡೆಯದಿದ್ದರೆ ಮರುಕಳಿಸುತ್ತವೆ. ಪತಿಯಾದವರು ಆ ದಿನ ಹೊರಗೆ ಬೇವಿನ ನೆರಳಿನಲ್ಲಿ ಕಾಯದೆ, ಪತ್ನಿಯೊಡನೆ ಒಳಗೆ ಬಂದು ಕುಳಿತುಕೊಳ್ಳುವುದು.