ಚಳಿಯಲ್ಲಿ ಚಾಕು ಹಿಡಿಯುವ ಮುನ್ನ

ಸ್ವೀಡನ್, ಫಿನ್ಲೆಂಡ್‌ಗಳ ಹಿಮದ ಕಾಡಿನಲ್ಲಿ ವಾರಾಂತ್ಯ ಕಳೆಯಲು ಹೊರಟವರು ಚಾಕುವಿನ ಹರಿತದ ಬಗ್ಗೆ ಯೋಚಿಸುತ್ತಾರೆ, ಬೆರಳುಗಳನ್ನು ಮರೆಯುತ್ತಾರೆ. ಅಪಾಯ ಇರುವುದು ಅಲ್ಲೇ. ಚಳಿಗೆ ರಕ್ತಸಂಚಾರ ತಗ್ಗಿ ಬೆರಳು ಮರಗಟ್ಟಿದರೆ ಹಿಡಿತ ಸಡಿಲಾದದ್ದೂ ತಿಳಿಯದು, ಕೊಯ್ದುಕೊಂಡದ್ದೂ ತಿಳಿಯದು.

ಫಿನ್ಲೆಂಡಿನ ಸಾಂಪ್ರದಾಯಿಕ ಪೂಕ್ಕೊ ಚಾಕುವಿನಲ್ಲಿ ಹಿಡಿಗೂ ಅಲಗಿಗೂ ನಡುವೆ ಸಾಮಾನ್ಯವಾಗಿ ತಡೆ ಇರುವುದಿಲ್ಲ. ಒದ್ದೆ ಕೈಗವಸು ಜಾರಿದರೆ ಬೆರಳು ನೇರ ಅಲಗಿನ ಮೇಲೆ!

ಆದ್ದರಿಂದ ಮೊದಲು ಕಂಕುಳಲ್ಲಿ ಕೈಯಿಟ್ಟು ಬೆಚ್ಚಗೆ ಮಾಡಿಕೊಳ್ಳಿ, ಆಮೇಲೆ ಚಾಕು ಒರೆಯಿಂದ ಹೊರಬರಲಿ. ಬೆಂಕಿಗೆ ಸಿಬಿರು ಕೆತ್ತುವಾಗ ಕಟ್ಟಿಗೆಯನ್ನು ತೊಡೆಯ ಮೇಲೆ ಇಡಲೇಬೇಡಿ. ತೊಡೆಯ ಒಳಬದಿಯಲ್ಲಿ ದೊಡ್ಡ ಅಪಧಮನಿ ಹಾದುಹೋಗುತ್ತದೆ. ಅದು ಕೊಯ್ದುಹೋದರೆ ನಿಮಿಷಗಳಲ್ಲೇ ಪ್ರಾಣಕ್ಕೆ ಕುತ್ತು. ಮಂಡಿಯ ಹೊರಬದಿಯಲ್ಲಿ, ಮೈಯಿಂದ ಆಚೆಗೆ ಕೆತ್ತಿ. ಕೈ ಚಾಚಿದಷ್ಟು ದೂರದಲ್ಲಿ ಯಾರೂ ಇರದಿರಲಿ. ಕೆಲಸ ನಿಂತ ಕೂಡಲೇ ಚಾಕು ಒರೆ ಸೇರಲಿ. ಹಿಮದಲ್ಲಿ ಬಿದ್ದದ್ದು ಕಣ್ಣಿಗೆ ಕಾಣದು, ಮಂಡಿಯೂರಿದವರಿಗೆ ಚುಚ್ಚೀತು.

ಮೊಂಡು ಅಲಗು ಕ್ಷೇಮವೆಂಬ ನಂಬಿಕೆಯೂ ಬೇಡ. ಹೆಚ್ಚು ಬಲ ಹಾಕಿ ಒತ್ತಬೇಕಾಗುವುದರಿಂದಲೇ ಅದು ಜಾರುವುದು.

ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ಸುತ್ತ ಮಧ್ಯಾಹ್ನ 3ರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಕೆತ್ತುವ ಕೆಲಸವನ್ನು ಅದಕ್ಕೂ ಮೊದಲೇ ಮುಗಿಸಿಕೊಳ್ಳಿ. ಬ್ಯಾಂಡೇಜು ಚೀಲದ ತಳದಲ್ಲಿ ಬೇಡ, ಕೈಗೆ ಸಿಗುವ ಹೊರಜೇಬಿನಲ್ಲೇ ಇರಲಿ.