ಆಸ್ಟ್ರೇಲಿಯಾದ ಪ್ರಾದೇಶಿಕ ವೀಸಾ: ಮೂರು ವರ್ಷದ ಲೆಕ್ಕ

ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಮಹಾನಗರಗಳ ಆಸೆ ಬಿಟ್ಟು ಬೇರೆ ಊರಲ್ಲಿ ನೆಲೆಸಲು ಒಪ್ಪುವ ಕುಶಲಿಗರಿಗೆ ಆಸ್ಟ್ರೇಲಿಯಾ ಕೊಡುವುದು 491 ವೀಸಾ. ಹಳೆಯ 489ರ ಜಾಗಕ್ಕೆ ಇದು ಬಂದದ್ದು 2019ರ ನವೆಂಬರ್ 16ರಂದು.

ಏನು ಬದಲಾಯಿತು?

489ರ ಅವಧಿ ನಾಲ್ಕು ವರ್ಷ. ಎರಡು ವರ್ಷ ವಾಸ, ಒಂದು ವರ್ಷ ಪೂರ್ಣಾವಧಿ ದುಡಿಮೆ ತೋರಿಸಿದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದಿತ್ತು. 491ರ ಅವಧಿ ಐದು ವರ್ಷ. ಕಾಯಂ ಆಗಲು ಮೂರು ವರ್ಷವಾದರೂ ಕಾಯಬೇಕು. ಅದಕ್ಕೆ ಪ್ರತಿಯಾಗಿ ರಾಜ್ಯದ ನಾಮನಿರ್ದೇಶನಕ್ಕೆ ಸಿಗುವ ಅಂಕ 10ರಿಂದ 15ಕ್ಕೆ ಏರಿದೆ. ಪರ್ತ್, ಗೋಲ್ಡ್ ಕೋಸ್ಟ್ ಕೂಡ ಈಗ ‘ಪ್ರಾದೇಶಿಕ’ ಪಟ್ಟಿಯಲ್ಲಿವೆ.

ಹೆಜ್ಜೆ ಹೆಜ್ಜೆಯಾಗಿ

1. ಕೌಶಲ ಮೌಲ್ಯಮಾಪನ: ನಿಮ್ಮ ವೃತ್ತಿ ಅರ್ಹ ವೃತ್ತಿಗಳ ಪಟ್ಟಿಯಲ್ಲಿದೆಯೇ ಮೊದಲು ನೋಡಿ. ಐಟಿಯವರನ್ನು ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ, ಎಂಜಿನಿಯರ್‌ಗಳನ್ನು ಎಂಜಿನಿಯರ್ಸ್ ಆಸ್ಟ್ರೇಲಿಯಾ ಅಳೆಯುತ್ತವೆ. ಅನುಭವ ಪತ್ರದಲ್ಲಿ ಹುದ್ದೆಯ ಹೆಸರಷ್ಟೇ ಇದ್ದರೆ ಸಾಲದು. ಮಾಡಿದ ಕೆಲಸದ ವಿವರವೂ ಇರಲಿ.

2. ಅಂಕ ಕೂಡಿಸಿ: ವಯಸ್ಸು 45 ತುಂಬಿರಬಾರದು, ಕನಿಷ್ಠ 65 ಅಂಕ ಬೇಕು. 30 ವರ್ಷದ ಎಂಜಿನಿಯರ್ ಎನ್ನೋಣ: ವಯಸ್ಸಿಗೆ 30, ಪದವಿಗೆ 15, ವಿದೇಶದಲ್ಲಿ ಐದು ವರ್ಷದ ಅನುಭವಕ್ಕೆ 10, ನಾಮನಿರ್ದೇಶನಕ್ಕೆ 15, ಒಟ್ಟು 70. ಆದರೆ 65 ಬರೀ ಹೊಸ್ತಿಲು. ಸ್ಪರ್ಧೆಯಲ್ಲಿ ಆಹ್ವಾನ ಸಿಗುವುದು ಹೆಚ್ಚು ಅಂಕದವರಿಗೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಉನ್ನತ ಮಟ್ಟ ಮುಟ್ಟಿದರೆ 20 ಅಂಕದವರೆಗೆ ಗಳಿಸಬಹುದು.

3. ಆಸಕ್ತಿ ಸಲ್ಲಿಕೆ: ಆಸ್ಟ್ರೇಲಿಯಾ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಸ್ಕಿಲ್‌ಸೆಲೆಕ್ಟ್‌ನಲ್ಲಿ ಹೆಸರು ದಾಖಲಿಸಿ, ಇದಕ್ಕೆ ಶುಲ್ಕವಿಲ್ಲ. ಬಳಿಕ ರಾಜ್ಯವೊಂದರ ನಾಮನಿರ್ದೇಶನ ಅಥವಾ ಪ್ರಾದೇಶಿಕ ಭಾಗದಲ್ಲಿರುವ ಅರ್ಹ ಬಂಧುವಿನ ಪ್ರಾಯೋಜಕತ್ವ ಬೇಕು. ರಾಜ್ಯ ರಾಜ್ಯಕ್ಕೂ ನಿಯಮ ಬೇರೆ.

4. ಅರ್ಜಿ: ಆಹ್ವಾನ ಬಂದ ಮೇಲೆ 60 ದಿನಗಳ ಗಡುವು. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್ ಪತ್ರ ಪಡೆಯಬೇಕು, ವೈದ್ಯಕೀಯ ತಪಾಸಣೆಯೂ ಆಗಬೇಕು. ದಾಖಲೆಗಳಲ್ಲೆಲ್ಲ ಹೆಸರು, ಜನ್ಮದಿನ ಒಂದೇ ಬಗೆಯಲ್ಲಿವೆಯೇ ಈಗಲೇ ನೋಡಿಕೊಳ್ಳಿ.

5. ಅಲ್ಲಿಗೆ ಹೋದ ಮೇಲೆ: ವಾಸ, ಕೆಲಸ, ಓದು ಎಲ್ಲವೂ ಪ್ರಾದೇಶಿಕ ಭಾಗದಲ್ಲೇ. ಕಾಯಂ ವಾಸದ 191 ವೀಸಾ 2022ರ ನವೆಂಬರ್‌ನಿಂದ ತೆರೆದಿದೆ. ಅದಕ್ಕೆ ಮೂರು ಆರ್ಥಿಕ ವರ್ಷಗಳ ತೆರಿಗೆ ನಿರ್ಧರಣಾ ನೋಟಿಸ್ ಬೇಕು. ಅಲ್ಲಿ ಆರ್ಥಿಕ ವರ್ಷ ಜುಲೈನಿಂದ ಜೂನ್. ನಮ್ಮ ಏಪ್ರಿಲ್ ಲೆಕ್ಕ ನಡೆಯದು. ಬಾಡಿಗೆ ಕರಾರು, ಸಂಬಳ ಚೀಟಿ, ತೆರಿಗೆ ನೋಟಿಸ್ ಮೊದಲ ದಿನದಿಂದಲೇ ಒಂದು ಫೈಲಿಗೆ ಸೇರಲಿ.

ಒಂದು ಎಚ್ಚರಿಕೆ: ಏಜೆಂಟರ ನೆರವು ಕಡ್ಡಾಯವಲ್ಲ. ಹಿಡಿದರೂ ಆಸ್ಟ್ರೇಲಿಯಾದ ನೋಂದಣಿ ಸಂಖ್ಯೆ ಕೇಳಿ, ಅದು ನಿಜವೇ ಎಂದು ಪರಿಶೀಲಿಸಿ. ‘ವೀಸಾ ಗ್ಯಾರಂಟಿ’ ಎನ್ನುವವರ ಕೈಗೆ ಮುಂಗಡ ಕೊಡಬೇಡಿ. ನಿಯಮ, ಪಟ್ಟಿ, ಶುಲ್ಕ ಬದಲಾಗುತ್ತಲೇ ಇರುವುದರಿಂದ ಅರ್ಜಿ ಹಾಕುವ ದಿನವೂ ಆ ದೇಶದ ಗೃಹ ಇಲಾಖೆಯ ಅಧಿಕೃತ ಮಾಹಿತಿ ನೋಡಿಯೇ ಹಣ ಕಟ್ಟಿ.