ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ: ಪ್ಯಾಷನ್, ಸಂಬಳ ಮತ್ತು ನಮ್ಮ ಮೊದಲ ಕೆಲಸ

ಏಳನೇ ಸೆಮಿಸ್ಟರ್ ಬಂತೆಂದರೆ ಹಾಸ್ಟೆಲಿನಲ್ಲಿ ಎರಡು ಮಾತು ಕೇಳಿಸುತ್ತವೆ. ಒಂದು, "ಸಿಕ್ಕಿದ ಆಫರ್ ಹಿಡ್ಕೋ ಮಾರಾಯ, ಆಮೇಲೆ ನೋಡೋಣ." ಇನ್ನೊಂದು, "ಮನಸ್ಸಿಗೆ ಹಿಡಿಸದ ಕೆಲಸಾನ ಜೀವನಪೂರ್ತಿ ಮಾಡ್ತೀಯಾ?" ಎರಡನ್ನೂ ಹೇಳುವವರು ನಮ್ಮ ಹಿತೈಷಿಗಳೇ. ಆದರೆ ಎರಡರಲ್ಲೂ ಲೆಕ್ಕ ಇಲ್ಲ. ಒಂದು ತೊಲೆ ಎಷ್ಟು ಭಾರ ಹೊರುತ್ತದೆ ಅಂತ ಲೆಕ್ಕ ಹಾಕದೆ ನಾವು ಡ್ರಾಯಿಂಗಿಗೆ ಸಹಿ ಹಾಕುವುದಿಲ್ಲ. ನಮ್ಮ ಮೇಲೆ ಬೀಳುವ ಭಾರವನ್ನು ಮಾತ್ರ ಅಂದಾಜಿಗೆ ಬಿಡುವುದೇಕೆ?

ಮೊದಲು ದುಡ್ಡಿನ ಲೆಕ್ಕ

ವರ್ಷಕ್ಕೆ 4 ಲಕ್ಷದ ಸಿಟಿಸಿ ಇರುವ ಆಫರ್ ಬಂತು ಅಂತಿಟ್ಟುಕೊಳ್ಳೋಣ. 12ರಿಂದ ಭಾಗಿಸಿದರೆ ತಿಂಗಳಿಗೆ 33,333. ಕೈಗೆ ಅಷ್ಟು ಬರೋದಿಲ್ಲ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆ, ವೇರಿಯಬಲ್ ಪೇ ಎಲ್ಲವೂ ಸಾಮಾನ್ಯವಾಗಿ ಸಿಟಿಸಿಯ ಒಳಗೇ ಇರುತ್ತವೆ. ನಮ್ಮ ಪಾಲಿನ ಪಿಎಫ್ ಕೂಡ ಕಡಿತವಾಗುತ್ತದೆ. ಕೈಗೆ 28,000 ಬಂತು ಅನ್ನೋಣ.

ಇನ್ನು ಶಿಕ್ಷಣ ಸಾಲ. ಸಾಮಾನ್ಯವಾಗಿ ಕೋರ್ಸ್ ಮುಗಿದ ಮೇಲೂ ಒಂದು ವರ್ಷ ಇಎಂಐ ಕಟ್ಟಬೇಕಿಲ್ಲ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ, ಅದನ್ನು ಮರೆಯಬಾರದು. ಶೇ. 10ರ ಬಡ್ಡಿಯಲ್ಲಿ 4 ಲಕ್ಷವನ್ನು 10 ವರ್ಷದಲ್ಲಿ ತೀರಿಸಿದರೆ ಇಎಂಐ ಸುಮಾರು 5,300, ಒಟ್ಟು ಕಟ್ಟುವುದು 6.3 ಲಕ್ಷಕ್ಕೂ ಹೆಚ್ಚು. 7 ವರ್ಷದಲ್ಲಿ ತೀರಿಸಿದರೆ ಇಎಂಐ 6,600ರ ಆಸುಪಾಸು, ಒಟ್ಟು 5.6 ಲಕ್ಷದೊಳಗೆ ಮುಗಿಯುತ್ತದೆ.

ಈಗ ಮೂವರು ಗೆಳೆಯರನ್ನು ಊಹಿಸಿಕೊಳ್ಳೋಣ. ಮೂವರಿಗೂ ಇದೇ ಸಂಬಳ, ಮೂವರಿಗೂ ಕೆಲಸ ಬಿಟ್ಟು ಸಿನಿಮಾ ಎಡಿಟಿಂಗಿಗೆ ಹೋಗುವ ಆಸೆ. ಪಿಜಿ ಮತ್ತು ಊಟಕ್ಕೆ 9,000, ಓಡಾಟಕ್ಕೆ 2,000, ಫೋನು, ಬಟ್ಟೆ, ಔಷಧಿಗೆ 2,000. ಇಷ್ಟು, ಅಂದರೆ 13,000, ಮೂವರಿಗೂ ಸಮಾನ. ಮೂವರೂ ಆರು ತಿಂಗಳ ಖರ್ಚನ್ನು ಕೂಡಿಟ್ಟ ಮೇಲೆ ಕೆಲಸ ಬಿಡಬೇಕು ಅಂದುಕೊಂಡಿದ್ದಾರೆ.

ಮೊದಲನೆಯವನಿಗೆ ಸಾಲವಿಲ್ಲ, ಮನೆಗೂ ಕಳಿಸಬೇಕಿಲ್ಲ. ತಿಂಗಳಿಗೆ 15,000 ಉಳಿಯುತ್ತದೆ. 78,000 ಕೂಡಿಸಲು ಆರು ತಿಂಗಳು ಸಾಕು.

ಎರಡನೆಯವಳಿಗೆ 5,300ರ ಇಎಂಐ ಇದೆ. ಖರ್ಚು 18,300, ಉಳಿತಾಯ 9,700. ಅವಳಿಗೆ ಹತ್ತಿರ ಹತ್ತಿರ ಒಂದು ವರ್ಷ ಬೇಕು.

ಮೂರನೆಯವನಿಗೆ ಇಎಂಐ ಜೊತೆಗೆ ಮನೆಗೆ 5,000 ಕಳಿಸುವ ಜವಾಬ್ದಾರಿ. ಖರ್ಚು 23,300, ಉಳಿತಾಯ ಬರೀ 4,700. ಅವನು 1,39,800 ಕೂಡಿಸಬೇಕು. ಅದಕ್ಕೆ 30 ತಿಂಗಳು.

ಸಂಬಳ ಏರಿಕೆಯನ್ನಾಗಲಿ ಊರಿನ ಹಬ್ಬ, ಆಸ್ಪತ್ರೆ ಖರ್ಚನ್ನಾಗಲಿ ಇಲ್ಲಿ ಸೇರಿಸಿಲ್ಲ. ಆದರೂ ವಿಷಯ ಸ್ಪಷ್ಟ. ಒಂದೇ ಬೆಂಚಿನಲ್ಲಿ ಕೂತವರಿಗೆ 6, 12, 30 ತಿಂಗಳು. ಮೂರನೆಯವನಿಗೆ ಧೈರ್ಯ ಕಡಿಮೆ ಅಂತಲ್ಲ, ಹೊರೆ ಜಾಸ್ತಿ. ಆದ್ದರಿಂದ ಮೊದಲನೆಯವನನ್ನು ನೋಡಿ "ನಂಗೆ ಗಟ್ಸ್ ಇಲ್ಲ" ಅಂತ ಯಾರೂ ಕೊರಗಬೇಕಿಲ್ಲ. ಹಾಗೇ ಮೊದಲನೆಯವನು ಉಳಿದಿಬ್ಬರಿಗೆ "ರಿಸ್ಕ್ ತಗೋ" ಅಂತ ಉಪದೇಶ ಮಾಡುವುದೂ ಬೇಡ.

ಆಮೇಲೆ ಗಂಟೆಗಳ ಲೆಕ್ಕ

ವಾರಕ್ಕೆ 168 ಗಂಟೆ. ನಿದ್ದೆಗೆ 49, ಕೆಲಸಕ್ಕೆ 45, ಓಡಾಟಕ್ಕೆ 12, ಊಟ, ಸ್ನಾನ, ಬಟ್ಟೆ ಒಗೆಯುವುದಕ್ಕೆ 24. ಉಳಿದದ್ದು 38. ಅದರಲ್ಲಿ 10 ಗಂಟೆಯನ್ನು ನಮ್ಮ ಇಷ್ಟದ ಕೆಲಸಕ್ಕೆ ಇಟ್ಟರೂ ವರ್ಷಕ್ಕೆ 520 ಗಂಟೆ. ಅದು ಕಡಿಮೆ ಏನಲ್ಲ. ಆದರೆ ವಾರವಾರ ಬದಲಾಗುವ ನೈಟ್ ಶಿಫ್ಟ್ ಇದ್ದರೆ ಈ 10 ಗಂಟೆ ಮೊದಲು ಹೋಗುತ್ತದೆ. ಹಾಗಾಗಿ ತಿಂಗಳಿಗೆ ಮೂರು ಸಾವಿರ ಕಡಿಮೆ ಕೊಟ್ಟರೂ ಸಮಯಕ್ಕೆ ಸರಿಯಾಗಿ ಬಿಡುವ ಕೆಲಸ ಕೆಲವರಿಗೆ ಹೆಚ್ಚು ಬೆಲೆಯದ್ದು.

ಆಫರ್ ಲೆಟರಿನಲ್ಲಿ ಸಂಬಳದ ಸಾಲನ್ನಷ್ಟೇ ಓದಿ ಸಹಿ ಹಾಕಬೇಡಿ. ಬಾಂಡ್ ಎಷ್ಟು ವರ್ಷ? ನೋಟಿಸ್ ಅವಧಿ ಎಷ್ಟು? ಹೊರಗೆ ದುಡ್ಡಿಗೆ ಬೇರೆ ಕೆಲಸ ಮಾಡಬಾರದು ಅಂತ ಇದೆಯಾ? ಕೆಲಸದಲ್ಲಿರುವಾಗ ನಾವು ಬರೆದ ಕೋಡ್, ಮಾಡಿದ ಡಿಸೈನ್ ಯಾರಿಗೆ ಸೇರುತ್ತದೆ? ರಾತ್ರಿ ಕೂತು ಗೇಮ್ ಮಾಡಬೇಕು ಅಂದುಕೊಂಡವರಿಗೆ ಕೊನೆಯ ಎರಡು ಪ್ರಶ್ನೆ ತುಂಬಾ ಮುಖ್ಯ.

ಮೂವರು ನಡೆದ ದಾರಿ

ಯಶವಂತ ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು. ರಾಸಾಯನಿಕ ತಂತ್ರಜ್ಞಾನ ಓದಿ ಮುಂಬಯಿಯಲ್ಲಿ ಉದ್ಯಮದ ನೌಕರಿ ಮಾಡಿದರು, ಜೊತೆಜೊತೆಗೇ ಕಥೆ, ಕಾದಂಬರಿ ಬರೆದರು. 1979ರ 'ಶಿಕಾರಿ'ಯ ನಾಯಕ ನಾಗಪ್ಪ ಇಂಥದ್ದೇ ಒಂದು ಕಂಪನಿಯ ಒಳರಾಜಕೀಯಕ್ಕೆ ಸಿಕ್ಕಿ ನರಳುವವನು. ಆ ಲೋಕವನ್ನು ಒಳಗಿನಿಂದ ಕಂಡವರಿಗಷ್ಟೇ ಅಂಥ ಕಾದಂಬರಿ ಸಾಧ್ಯ. ಅಲ್ಲಿ ನೌಕರಿ ಬರವಣಿಗೆಗೆ ಅಡ್ಡಿಯಾಗಲಿಲ್ಲ, ಕಚ್ಚಾವಸ್ತು ಕೊಟ್ಟಿತು.

ಪೂರ್ಣಚಂದ್ರ ತೇಜಸ್ವಿ ಎಂ.ಎ. ಮಾಡಿದರೂ ಮೇಷ್ಟ್ರಾಗದೆ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿದರು. ಅವರನ್ನು "ಎಲ್ಲ ಬಿಟ್ಟು ಕಾಡಿಗೆ ಹೋದವರು" ಅಂತ ಸ್ಟೇಟಸ್ ಹಾಕುವ ನಾವು ತೋಟವನ್ನು ಮರೆತುಬಿಡುತ್ತೇವೆ. ಅದೂ ದುಡಿಮೆಯೇ.

ಅನಿಲ್ ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದಾಗಲೇ 1990ರಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಪದವಿಯನ್ನೂ ಮುಗಿಸಿದರು. ನೆನಪಿಡಿ, ಕ್ರಿಕೆಟ್ ಕೈಹಿಡಿಯುತ್ತದೆ ಅನ್ನುವುದಕ್ಕೆ ಅವರ ಹತ್ತಿರ ಸಾಕ್ಷಿ ಇತ್ತು, ಬರೀ ನಂಬಿಕೆ ಅಲ್ಲ.

ನಮ್ಮ ಹತ್ತಿರ ಸಾಕ್ಷಿ ಏನಿದೆ?

ಇದನ್ನು ಕ್ಯಾಂಪಸ್ಸಿನಲ್ಲಿರುವಾಗಲೇ ಪರೀಕ್ಷಿಸಬಹುದು. ಮೂರು ತಿಂಗಳು, ವಾರಕ್ಕೆ 10 ಗಂಟೆ, ಇಂಟರ್ನಲ್ಸ್ ಇದ್ದರೂ ಬಿಡದೆ ಆ ಕೆಲಸ ಮಾಡಿ ನೋಡೋಣ. ಎಡಿಟಿಂಗ್ ಇಷ್ಟ ಅಂದರೆ ಟ್ರೇಲರ್ ಕತ್ತರಿಸುವುದಷ್ಟೇ ಅಲ್ಲ, ಎರಡು ಗಂಟೆಯ ಆಡಿಯೋ ಸಿಂಕ್ ಮಾಡುವ ಬೇಜಾರೂ ಸೇರಿತು. ಆ ಬೇಜಾರು ಸಹ್ಯವಾದರೆ ಆಸಕ್ತಿ ಗಟ್ಟಿ. ಪರಿಚಯವೇ ಇಲ್ಲದ ಒಬ್ಬರು ನಮ್ಮ ಕೆಲಸಕ್ಕೆ ಐನೂರು ರೂಪಾಯಿ ಕೊಟ್ಟರೆ ಅದು ಇನ್ನೂ ಒಳ್ಳೆಯ ಸಾಕ್ಷಿ.

ಕೊಡದಿದ್ದರೂ ಬಿಡಬೇಕಿಲ್ಲ. ಯಕ್ಷಗಾನ, ಚಾರಣ, ಕವಿತೆ ಎಲ್ಲವೂ ದುಡ್ಡು ತರಲೇಬೇಕು ಅಂತ ಹಟ ಹಿಡಿದರೆ ಅವುಗಳ ಖುಷಿಯೇ ಹೋದೀತು. ಕೆಲವು ಪ್ಯಾಷನ್ ಭಾನುವಾರದ್ದಾಗಿಯೇ ನಲವತ್ತು ವರ್ಷ ಬಾಳುತ್ತವೆ.

ಕೊನೆಯದಾಗಿ, ಈ ಎರಡೂ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ತೋರಿಸೋಣ. "ಇದು ನನ್ನ ಕನಸು" ಅಂತ ಅಂದರೆ ಅಪ್ಪ ಅಮ್ಮನಿಗೆ ಭಯವಾಗುತ್ತದೆ. "ಸಾಲ ಇಷ್ಟು, ಉಳಿತಾಯ ಇಷ್ಟು, ಇಷ್ಟು ತಿಂಗಳು ಟ್ರೈ ಮಾಡ್ತೀನಿ, ಆಗದಿದ್ದರೆ ಇಂಥ ಕೆಲಸಕ್ಕೆ ವಾಪಸ್ ಬರ್ತೀನಿ" ಅಂದರೆ ಅವರೂ ಪೆನ್ನು ಹಿಡಿದು ಪಕ್ಕ ಕೂರುತ್ತಾರೆ. ನಮಗೆ ಗೊತ್ತಿಲ್ಲದ ಒಂದೆರಡು ಖರ್ಚನ್ನೂ ಅವರೇ ಸೇರಿಸಿಯಾರು. ಪ್ಲೇಸ್‌ಮೆಂಟ್ ಶುರುವಾಗುವ ಮೊದಲೇ ಆ ಹಾಳೆ ಸಿದ್ಧವಿರಲಿ.